ಡೆರೆನ್ ಬ್ರೌನ್ ಶೋಗಳ ರಿವ್ಯೂ: ಟ್ರಿಕ್ ಅಲ್ಲಿ ಮೋಸ ಮಾಡ್ಲಿ, ವಿವರಣೆಲಿ ಬೇಡ

ಟೀವೀಲಿ ಬರೋ ಮೆಂಟಲಿಸಂ (ಎದುರಿನವರ ಮನಸ್ಸು ಓದೋ ಹಾಗೆ ತೋರಿಸೋ ಮ್ಯಾಜಿಕ್), ಹಿಪ್ನಾಟಿಸಂ ಶೋಗಳಲ್ಲಿ ಇವತ್ತಿಗೂ ಬ್ರಿಟನ್ನಿನ ಡೆರೆನ್ ಬ್ರೌನ್ ಸಮಕ್ಕೆ ನಿಲ್ಲೋರು ಯಾರೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ, ಅದಕ್ಕೇ ಈ ರಿವ್ಯೂ ಸ್ವಲ್ಪ ಉದ್ದ ಇದೆ. ನಾನು ನೋಡಿದ್ದು ನೆಟ್‌ಫ್ಲಿಕ್ಸ್ ಅಲ್ಲಿ 2018ರಲ್ಲಿ ಬಂದ ಮೂರು ಸ್ಪೆಷಲ್ ಗಳು, ದಿ ಪುಶ್, ಮಿರಾಕಲ್, ಆಮೇಲೆ ಸ್ಯಾಕ್ರಿಫೈಸ್, ಮೊದಲಿನ ಎರಡು ಅದಕ್ಕೂ ಮುಂಚೆ 2016ರಲ್ಲೇ ಅಲ್ಲಿನ ಚಾನೆಲ್ 4 ನಲ್ಲಿ ಬಂದಿದ್ವು. ಜೊತೆಗೆ ಅವರ ಹಳೇ ಶೋಗಳೂ ಒಂದಷ್ಟು. ಇವನ್ನ ನೋಡಿದ ಯಾರನ್ನೇ ಕೇಳಿ, ಎರಡೇ ಥರದ ಮಾತು ಬರತ್ತೆ. ಒಂದು ಗುಂಪು "ಎಲ್ಲಾ ಆಕ್ಟರ್ಸು, ದುಡ್ಡು ಕೊಟ್ಟು ಮಾಡ್ಸಿದ್ದು" ಅಂತಾರೆ, ಇನ್ನೊಂದು ಗುಂಪು "ಈ ಮನುಷ್ಯ ಯಾರ ಮನಸ್ಸನ್ನ ಬೇಕಾದ್ರೂ ಕಂಟ್ರೋಲ್ ಮಾಡ್ತಾನೆ, ಡೇಂಜರ್" ಅಂತಾರೆ. ಈ ಎರಡು ಮಾತಲ್ಲೇ ಚರ್ಚೆ ಮುಗಿದು ಹೋಗತ್ತಲ್ಲ ಅದು ನನಗೆ ನಿಜವಾಗ್ಲೂ ಬೇಜಾರು, ಯಾಕಂದ್ರೆ ಕೇಳ್ಬೇಕಾದ ಪ್ರಶ್ನೆ ಬೇರೆನೇ ಇದೆ. ಮ್ಯಾಜಿಕ್ ಮಾಡೋನು ಟ್ರಿಕ್ ಅಲ್ಲಿ ನಮ್ಮನ್ನ ಏಮಾರಿಸೋದು ಅವನ ಕಸುಬು, ಅದಕ್ಕೆ ಅಂತಾನೇ ನಾವು ಕೂತಿರ್ತೀವಿ. ಆದ್ರೆ ಟ್ರಿಕ್ ಮುಗಿದ್ಮೇಲೆ "ಇದನ್ನ ಹೀಗೆ ಮಾಡ್ದೆ" ಅಂತ ಹೇಳೋ ವಿವರಣೆನೂ ಸುಳ್ಳಾದ್ರೆ? ಅಲ್ಲಿ ನನಗೆ ತಕರಾರಿದೆ. ಬ್ರೌನ್ ಅವರ ಒಳ್ಳೇ ಶೋಗೂ ಕೆಟ್ಟ ಶೋಗೂ ಇರೋ ವ್ಯತ್ಯಾಸ ಪೂರ್ತಿ ಇದೊಂದರಲ್ಲೇ ಇದೆ ಅನ್ಸತ್ತೆ.

ಮೊದಲು ದಿ ಪುಶ್ ಬಗ್ಗೆ, ಯಾಕಂದ್ರೆ ಅದು ನನ್ನ ಪ್ರಕಾರ ಅವರ ಅತ್ಯುತ್ತಮ ಕೆಲಸ. ಕಥೆ ಇಷ್ಟೆ: ಒಬ್ಬ ಸಾಮಾನ್ಯ ಮನುಷ್ಯ, ಕೆಟ್ಟವನಲ್ಲ, ಅವನನ್ನ ಒಂದು ಸಂಜೆ ಒಳಗೆ ಇನ್ನೊಬ್ಬನನ್ನ ಬಿಲ್ಡಿಂಗ್ ಮೇಲಿಂದ ತಳ್ಳೋ ಮಟ್ಟಕ್ಕೆ ತರಬಹುದಾ? ಅವನು ಒಂದು ಚಾರಿಟಿ ಸಮಾರಂಭಕ್ಕೆ ಬರ್ತಾನೆ, ಅಲ್ಲಿ ಅವನೊಬ್ಬನ್ನ ಬಿಟ್ರೆ ಉಳಿದವರೆಲ್ಲಾ ನಟರು, ಕ್ಯಾಮೆರಾ ಎಲ್ಲಾ ಬಚ್ಚಿಟ್ಟಿರ್ತಾರೆ. ಹಿಪ್ನಾಟಿಸಂ ಇಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡೋದಿಲ್ಲ, ಕೌಂಟ್ ಡೌನ್ ಇಲ್ಲ. ಬರೀ ಒಂದಾದ್ಮೇಲೆ ಒಂದು ಸಣ್ಣ ಸಣ್ಣ ಕೋರಿಕೆ, ಪ್ರತಿಯೊಂದೂ ಹಿಂದಿನದಕ್ಕಿಂತ ಒಂದು ಚೂರು ಜಾಸ್ತಿ. ಮೊದಲನೇ ಕೋರಿಕೆ ಏನು ಗೊತ್ತಾ, ಸಮಾರಂಭಕ್ಕೆ ತರಿಸಿದ ತಿಂಡಿಲಿ ವೆಜ್ ಸಾಕಾಗಿಲ್ಲ, ಅದಕ್ಕೆ ಮಾಂಸ ಇರೋ ತಿಂಡಿಗೆ ವೆಜ್ ಅಂತ ಪುಟ್ಟ ಬಾವುಟ ಚುಚ್ಚಿ ಇಟ್ಬಿಡು, ಯಾರಿಗೂ ಗೊತ್ತಾಗಲ್ಲ ಅನ್ನೋದು. ಅವನು ಒಂಚೂರು ತಡವರಿಸಿ ಚುಚ್ತಾನೆ.

ನಮ್ಮನೇಲಿ ನಾನು ನಮ್ಮತ್ತೆ ಇಬ್ರೂ ಕೂತು ನೋಡ್ತಿದ್ವಿ, ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ನಾನು ಅಲ್ಲಲ್ಲಿ ನಿಲ್ಸಿ ಹೇಳ್ತಾ ಇದ್ದೆ. ಈ ಬಾವುಟದ ಸೀನ್ ಬಂದಾಗ ಅವರು ಸೋಫಾ ತುದಿಗೆ ಬಂದ್ಬಿಟ್ರು, "ಅಯ್ಯೋ ಹೇಳ್ಬಿಡೋ ಅವ್ರಿಗೆ, ತಿಂದ್ಬಿಡ್ತಾರೆ ಪಾಪ" ಅಂತ ಟೀವಿಗೇ ಹೇಳಿದ್ರು. ಆಮೇಲೆ ಹೆಣ ಬಚ್ಚಿಡೋ ಸೀನ್ ಬಂತು, ಅದು ಎಷ್ಟೋ ದೊಡ್ಡ ವಿಷ್ಯ, ಆದ್ರೆ ಅವರು ಪದೇ ಪದೇ ವಾಪಸ್ ಹೋಗ್ತಿದ್ದಿದ್ದು ತಿಂಡಿಗೇ, "ಅಲ್ಲೇ ಎದ್ದು ಬಂದ್ಬಿಟ್ಟಿದ್ರೆ ಆಗೋಗಿತ್ತು ಕಣೇ, ಮೊದಲನೇ ಸುಳ್ಳು ಹೇಳಿದ್ನಲ್ಲ, ಇನ್ನು ಅವರ ಕೈಗೆ ಸಿಕ್ಕಾಕೊಂಡ" ಅಂದ್ರು. ಈ ಶೋ ಬಗ್ಗೆ ನಾನು ಓದಿದ ಎಷ್ಟೋ ದೊಡ್ಡ ದೊಡ್ಡ ವಿಮರ್ಶೆಗಳಿಗಿಂತ ನಮ್ಮತ್ತೆ ಮಾತು ಹೆಚ್ಚು ಸರಿ. ಬ್ರೌನ್ ಕಟ್ಟಿರೋ ಇಡೀ ಯಂತ್ರ ನಿಂತಿರೋದೇ ಅದರ ಮೇಲೆ. ಸಣ್ಣದಕ್ಕೆ ಹೂಂ ಅಂದೋನಿಗೆ ಮುಂದಿನದಕ್ಕೆ ಊಹೂಂ ಅನ್ನಬೇಕಾದ್ರೆ ಹಿಂದಿಂದೂ ತಪ್ಪು ಅಂತ ಒಪ್ಕೋಬೇಕಾಗತ್ತೆ, ಅದು ಕಷ್ಟ, ಅದಕ್ಕಿಂತ ಇನ್ನೊಂದು ಹೆಜ್ಜೆ ಮುಂದೆ ಹೋಗೋದೇ ಸುಲಭ ಅನ್ಸಿಬಿಡತ್ತೆ. ಆ ತಿಂಡಿಯಿಂದ ಶುರುವಾಗಿದ್ದು ಸಮಾರಂಭಕ್ಕೆ ಬಂದ ಶ್ರೀಮಂತ ಮುದುಕ ಸತ್ತು ಬಿದ್ದಾಗ ಹೆಣ ಬಚ್ಚಿಡೋಕೆ ಹೋಗತ್ತೆ, ಅಲ್ಲಿಂದ ಸತ್ತವನ ಹೆಸರಲ್ಲಿ ತಾನೇ ಮಾತಾಡೋದಕ್ಕೆ, ಅಲ್ಲಿಂದ ಮಹಡಿ ಮೇಲಕ್ಕೆ.

ಸ್ಪಾಯ್ಲರ್ ಬೇಡ ಅನ್ನೋರು ಈ ಪ್ಯಾರಾ ದಾಟಿ ಹೋಗಿ. ನಾವು ಶೋ ಪೂರ್ತಿ ನೋಡೋ ಆ ಮನುಷ್ಯ ಕೊನೆಗೆ ತಳ್ಳಲ್ಲ. ಮಹಡಿ ತುದಿಲಿ ಸುತ್ತಲೂ ಎಲ್ಲರೂ ಒತ್ತಾಯ ಮಾಡ್ತಿದ್ರೂ ಆಗಲ್ಲ ಅಂತಾನೆ. ಅಬ್ಬಾ ಅಂತ ನಾವು ಉಸಿರು ಬಿಡೋ ಅಷ್ಟರಲ್ಲಿ ಬ್ರೌನ್ ತೋರಿಸ್ತಾರೆ, ಇದೇ ನಾಟಕ ಇನ್ನೂ ಮೂರು ಜನರ ಮೇಲೆ ಆಡಿದ್ವಿ ಅಂತ. ಆ ಮೂರೂ ಜನ ತಳ್ಳಿದ್ರು. ತಳ್ಳಿಸಿಕೊಂಡ ನಟನಿಗೆ ಸೇಫ್ಟಿ ಹಗ್ಗ ಇತ್ತು ಅನ್ನೋದು ಬೇರೆ ಮಾತು, ತಳ್ಳಿದವ್ರಿಗೆ ಅದು ಗೊತ್ತಿರ್ಲಿಲ್ವಲ್ಲ.

"ಆಕ್ಟರ್ಸ್" ಅನ್ನೋ ಆರೋಪಕ್ಕೆ ಬರ್ತೀನಿ. ಬ್ರೌನ್ ಇದನ್ನ ಶುರುವಿಂದ ಅಲ್ಲಗಳೀತಾ ಬಂದಿದಾರೆ, ನಾನೂ ಅವರ ಮಾತು ನಂಬ್ತೀನಿ, ಸುಮ್ನೆ ಅಭಿಮಾನದಿಂದ ಅಲ್ಲ, ಅವರಿಗೆ ಆಕ್ಟರ್ ಬೇಕಾಗೇ ಇಲ್ಲ ಅನ್ನೋ ಕಾರಣಕ್ಕೆ. ಆರಿಸೋದರಲ್ಲೇ ಅರ್ಧ ಕೆಲಸ ಮುಗಿದಿರತ್ತೆ. ಪುಶ್ ಅಲ್ಲೇ ತೋರಿಸ್ತಾರೆ ನೋಡಿ, ಶೋಗೆ ಅಂತ ಅಪ್ಲೈ ಮಾಡಿದವ್ರನ್ನ ಒಂದು ರೂಮಲ್ಲಿ ಕೂರಿಸ್ತಾರೆ, ಬೆಲ್ ಹೊಡೆದಾಗ ಪಕ್ಕದವರು ಎದ್ದು ನಿಲ್ತಾರೆ, ಮತ್ತೆ ಬೆಲ್ ಹೊಡೆದಾಗ ಕೂರ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ. ಯಾರು ಕಾರಣ ಕೇಳದೆ ತಾವೂ ಎದ್ದು ಕೂತು ಮಾಡ್ತಾರೋ ಅವರ ಹೆಸರು ಉಳ್ಕೊಳತ್ತೆ, ಆಮೇಲೆ ಅವರಿಗೆ ನೀವು ಆಯ್ಕೆ ಆಗ್ಲಿಲ್ಲ ಅಂತ ಹೇಳಿ ಕಳಿಸ್ತಾರೆ, ಹಾಗಾಗಿ ಅವರಿಗೆ ಮುಂದೆ ನಡೆಯೋದರ ಮೇಲೆ ಅನುಮಾನ ಬರಲ್ಲ. ಹಿಪ್ನಾಟಿಸಂ ಶೋಗಳಲ್ಲೂ ಇದೇ ಲೆಕ್ಕ. ಎಲ್ಲರೂ ಒಂದೇ ಥರ ಹಿಪ್ನಾಟೈಸ್ ಆಗಲ್ಲ, 1959ರಲ್ಲೇ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಲಿ ಇದನ್ನ ಅಳೆಯೋಕೆ ಒಂದು ಸ್ಕೇಲ್ ಮಾಡಿದ್ರು, ಅಂಥ ಅಳತೆಗಳಲ್ಲಿ ನೂರಕ್ಕೆ ಸುಮಾರು ಹತ್ತು ಹದಿನೈದು ಜನ ತುಂಬಾ ಬೇಗ, ತುಂಬಾ ಆಳವಾಗಿ ಸ್ಪಂದಿಸ್ತಾರೆ, ಇನ್ನೊಂದಷ್ಟು ಜನಕ್ಕೆ ಹೆಚ್ಚು ಕಮ್ಮಿ ಏನೂ ಆಗಲ್ಲ, ಉಳಿದವರು ಮಧ್ಯದಲ್ಲಿ. ಎರಡು ಸಾವಿರ ಜನರ ಹಾಲ್ ಅಂದ್ರೆ ಇನ್ನೂರು ಜನ ರೆಡಿಯಾಗೇ ಕೂತಿರ್ತಾರೆ ಅಂತಾಯ್ತು. ಅವರನ್ನ ಹುಡುಕಿ ತೆಗೆಯೋದೇ ಕಸುಬು, ಕೈ ಬೆರಳು ಅಂಟ್ಕೊಂಡಿದೆ ಅಂತ ಹೇಳಿ ಯಾರ್ಯಾರಿಗೆ ಬಿಡಿಸೋಕೆ ಆಗ್ತಿಲ್ಲ ನೋಡಿ ಅವರನ್ನ ಮಾತ್ರ ಸ್ಟೇಜಿಗೆ ಕರೀತಾರೆ. ಟೀವಿಲಿ ನೋಡೋ ನಮಗೆ ಕಾಣೋದು ಆ ಒಬ್ಬರು ಇಬ್ಬರು ಮಾತ್ರ, ಕೂತಲ್ಲೇ ಏನೂ ಆಗದೆ ಉಳಿದವರು ಎಡಿಟಿಂಗ್ ಅಲ್ಲಿ ಹೋಗಿರ್ತಾರೆ. ಹಾಗಾಗಿ "ನಾನಾಗಿದ್ರೆ ಬಗ್ತಿರ್ಲಿಲ್ಲ" ಅನ್ನೋರು ನಿಜಾನೇ ಹೇಳ್ತಿರಬಹುದು, ಆದ್ರೆ ಅವರನ್ನ ಆರಿಸ್ತಾನೂ ಇರ್ಲಿಲ್ಲ.

ಒಂದು ಮಾತು ಮಾತ್ರ ಪುಶ್ ವಿರುದ್ಧ ಹೇಳ್ಲೇಬೇಕು. ಆ ಮೂರು ಜನ ತಾವು ಒಬ್ಬನ್ನ ಕೊಂದೆ ಅಂತ ಕೆಲವು ಕ್ಷಣ ಆದ್ರೂ ನಂಬಿದ್ರು, ಆ ನೆನಪು ಅವರ ಜೊತೆ ಇರತ್ತೆ. ಅವರು ಒಪ್ಕೊಂಡೇ ಟೆಲಿಕಾಸ್ಟ್ ಆಗಿದ್ದು ಅಂತ ಇಟ್ಕೊಂಡ್ರೂ ನನಗೆ ಪೂರ್ತಿ ಸಮಾಧಾನ ಇಲ್ಲ. 1961ರಲ್ಲಿ ಯೇಲ್ ಯೂನಿವರ್ಸಿಟಿಲಿ ಮಿಲ್‌ಗ್ರಾಮ್ ಮಾಡಿದ ಶಾಕ್ ಪ್ರಯೋಗದ ಮೇಲೂ ಇದೇ ಆಕ್ಷೇಪ ಬಂದಿತ್ತು, ಅಲ್ಲಿ 40 ಜನರಲ್ಲಿ 26 ಜನ, ಪಕ್ಕದ ರೂಮಲ್ಲಿ ಶಾಕ್ ತಿನ್ನೋನು ಗೋಡೆ ಬಡಿದ್ರೂ ಮೇಲಿನವರು ಹೇಳಿದ್ರು ಅಂತ 450 ವೋಲ್ಟ್ ತನಕ ಸ್ವಿಚ್ ಒತ್ತಿದ್ರು. ಶಾಕ್ ಸುಳ್ಳು, ಒತ್ತಿದ ಬೆರಳು ನಿಜ. ಬ್ರೌನ್ ಅದೇ ಪ್ರಯೋಗನ 2006ರಲ್ಲಿ ದಿ ಹೈಸ್ಟ್ ಅನ್ನೋ ಶೋಲಿ ಮತ್ತೆ ಮಾಡಿ ತೋರಿಸಿದ್ರು, ಆಗಲೂ ವೀಕ್ಷಕರು ಹೆಚ್ಚಾಗಿ ಮಾತಾಡಿದ್ದು ಕೊನೆಲಿ ಬರೋ ದರೋಡೆ ಬಗ್ಗೆನೇ.

ಪುಶ್ ಶುರುಲಿ ಒಂದು ಸಣ್ಣ ಭಾಗ ಇದೆ, ಎಷ್ಟೋ ಜನ ಅದನ್ನ ಮರೆತೇಬಿಡ್ತಾರೆ, ನಮ್ಮೂರಿನವರಿಗೆ ಅದೇ ಮುಖ್ಯ. ಕೆಫೇಲಿ ಕೆಲಸ ಮಾಡೋ ಒಬ್ಬನಿಗೆ ಫೋನ್ ಬರತ್ತೆ, ಆ ಕಡೆಯವನು ಪೊಲೀಸ್ ಅಂತಾನೆ, ನಿಮ್ಮ ಕೆಫೇಲಿ ಕೂತಿರೋ ಹೆಂಗಸಿನ ಹತ್ರ ಇರೋ ಮಗು ಕದ್ದಿದ್ದು, ನಾವು ಬರೋ ತನಕ ನಮಗೆ ಸಹಾಯ ಮಾಡು ಅಂತಾನೆ. ಕೆಲವೇ ನಿಮಿಷದಲ್ಲಿ ಈ ಹುಡುಗ ಆ ಮಗುನ ಎತ್ಕೊಂಡು ಹೊರಗೆ ಹೋಗ್ತಾನೆ. ನಂಬಕ್ಕಾಗಲ್ಲ ಅಂತೀರಾ? ಡಿಜಿಟಲ್ ಅರೆಸ್ಟ್ ಅಂತ ನಮ್ಮ ಬೆಂಗಳೂರಲ್ಲೇ ಎಷ್ಟು ಜನ ವಿಡಿಯೋ ಕಾಲ್ ಮುಂದೆ ಗಂಟೆಗಟ್ಟಲೆ ಕೂತು ಬ್ಯಾಂಕಲ್ಲಿರೋ ದುಡ್ಡೆಲ್ಲಾ ಟ್ರಾನ್ಸ್‌ಫರ್ ಮಾಡಿದ್ರು, ಇಂಜಿನಿಯರ್ ಗಳು, ರಿಟೈರ್ ಆದ ಅಧಿಕಾರಿಗಳು, ದಡ್ಡರಲ್ಲ ಯಾರೂ. 2024ರ ಅಕ್ಟೋಬರ್ ಮನ್ ಕಿ ಬಾತ್ ನಲ್ಲಿ ಪ್ರಧಾನಿನೇ ಇದರ ಬಗ್ಗೆ ಎಚ್ಚರಿಕೆ ಹೇಳೋ ಹಾಗಾಯ್ತು. ಯೂನಿಫಾರ್ಮ್, ಅಧಿಕಾರದ ದನಿ, ಯಾರಿಗೂ ಹೇಳ್ಬೇಡ ಅನ್ನೋ ಮಾತು, ಯೋಚನೆ ಮಾಡೋಕೆ ಟೈಮೇ ಕೊಡದೆ ಇರೋದು, ಆ ಕೆಫೆ ಸೀನಲ್ಲಿ ಇರೋದೂ ಇವೇ. ಪುಶ್ ನೋಡಿ "ಫೇಕ್" ಅಂತ ಬರೆದವ್ರು ಒಂದ್ಸಲ ಈ ದೃಷ್ಟಿಯಿಂದ ಆ ಸೀನನ್ನ ಮತ್ತೆ ನೋಡ್ಲಿ ಅಂತ ನನ್ನ ಕೋರಿಕೆ. ಮನೇಲಿ ವಯಸ್ಸಾದವ್ರು ಇದ್ರೆ ಇದೊಂದು ಸೀನ್ ಅವರಿಗೆ ತೋರಿಸಿ.

ಈಗ ಕೆಟ್ಟದ್ದು. 2009ರ ಸೆಪ್ಟೆಂಬರ್ 9, ಬ್ರೌನ್ ಲೈವ್ ಆಗಿ ಬ್ರಿಟನ್ನಿನ ನ್ಯಾಷನಲ್ ಲಾಟರಿ ನಂಬರ್ ಗಳನ್ನ ಮುಂಚೆನೇ ಹೇಳ್ತೀನಿ ಅಂದ್ರು. ಸ್ಟುಡಿಯೋಲಿ ಆರು ಬಿಳಿ ಬಾಲ್ ಹಿಂದುಮುಂದಾಗಿ ಇಟ್ಟಿದಾರೆ, ಪಕ್ಕದ ಟೀವೀಲಿ ಡ್ರಾ ನಡೀತಿದೆ, ಡ್ರಾ ಮುಗಿದ ಮೇಲೆ ಬಾಲ್ ತಿರುಗಿಸಿದ್ರೆ 2, 11, 23, 28, 35, 39, ಆರಕ್ಕೆ ಆರೂ ಸರಿ. ಡ್ರಾಗೆ ಮುಂಚೆನೇ ಯಾಕೆ ತೋರಿಸ್ಲಿಲ್ಲ ಅಂದ್ರೆ ಕಾನೂನು ಪ್ರಕಾರ ನಂಬರ್ ಮೊದಲು ಹೇಳೋ ಹಕ್ಕು ಬಿಬಿಸಿದು ಅನ್ನೋ ಕಾರಣ ಕೊಟ್ರು. ಸರಿ, ಚಂದದ ಟ್ರಿಕ್, ಇಷ್ಟಕ್ಕೇ ನಿಲ್ಸಿದ್ರೆ ನಾನೂ ಚಪ್ಪಾಳೆ ಹೊಡೀತಿದ್ದೆ. ಅವತ್ತು ರಾತ್ರಿನೇ ವೀಕ್ಷಕರು ವಿಡಿಯೋನ ಫ್ರೇಮ್ ಫ್ರೇಮ್ ಆಗಿ ನೋಡಿ ಎಡಗಡೆ ಬಾಲ್ ಒಂದು ಕ್ಷಣದಲ್ಲಿ ಚೂರು ಮೇಲೆ ಎದ್ದ ಹಾಗಿದೆ ಅಂತ ಕಂಡುಹಿಡಿದ್ರು, ಸ್ಕ್ರೀನ್ ಅರ್ಧ ಭಾಗನ ಫ್ರೀಜ್ ಮಾಡಿ ಅದರ ಮರೆಲಿ ಯಾರೋ ಬಾಲ್ ಬದಲಾಯಿಸಿದಾರೆ, ಕ್ಯಾಮೆರಾ ಅಲುಗಾಡ್ತಿರೋದೂ ಅದನ್ನ ಮುಚ್ಚೋಕೇ ಅಂತ ವಾದ ಮಾಡಿದ್ರು. ಇಂಥ ರಿಯಾಕ್ಷನ್ ನನಗೆ ತುಂಬಾ ಇಷ್ಟ. ಟೀವಿ ಮುಂದೆ ಕೂತೋರು ಬಾಯಿ ಬಿಟ್ಕೊಂಡು ಕೂರೋ ಬದಲು ಪತ್ತೇದಾರಿ ಮಾಡಿದ್ರಲ್ಲ, ಅದೇ ಆ ಶೋದ ಯಶಸ್ಸು.

ಹಾಳಾಗಿದ್ದು ಎರಡು ದಿನ ಆದ್ಮೇಲೆ, ಸೆಪ್ಟೆಂಬರ್ 11ಕ್ಕೆ, ಹೇಗೆ ಮಾಡ್ದೆ ಅಂತ ಹೇಳ್ತೀನಿ ಅಂತ ಪೂರ್ತಿ ಒಂದು ಶೋ ಮಾಡಿ, 24 ಜನನ ಕೂರಿಸಿ ಅವರೆಲ್ಲರ ಊಹೆಗಳ ಸರಾಸರಿ ತೆಗೆದೆ, ಗುಂಪಿನ ಜಾಣತನದಿಂದ ನಂಬರ್ ಬಂತು ಅಂದ್ಬಿಟ್ರು. ಇದು ತಪ್ಪು, ಶುದ್ಧ ತಪ್ಪು. ಗುಂಪಿನ ಜಾಣತನ ಅನ್ನೋದು ನಿಜವಾದ ವಿಷಯ, 1906ರಲ್ಲಿ ಪ್ಲಿಮತ್ ಊರಿನ ಜಾತ್ರೆಲಿ ಒಂದು ಎತ್ತಿನ ತೂಕ ಊಹಿಸೋ ಸ್ಪರ್ಧೆ ನಡೆದಿತ್ತು, ಗಾಲ್ಟನ್ ಅನ್ನೋ ವಿಜ್ಞಾನಿ ಆ ಸುಮಾರು 800 ಚೀಟಿಗಳನ್ನ ತಗೊಂಡು ಲೆಕ್ಕ ಹಾಕಿದ್ರೆ ಗುಂಪಿನ ಊಹೆ ನಿಜವಾದ ತೂಕಕ್ಕೆ ನೂರಕ್ಕೆ ಒಂದರಷ್ಟು ಹತ್ರ ಇತ್ತು. ಆದ್ರೆ ಅಲ್ಲಿ ಎಲ್ಲರ ಕಣ್ಣ ಮುಂದೆ ಎತ್ತು ನಿಂತಿತ್ತು ಸ್ವಾಮಿ, ಅಲ್ಲಿ ಬಂದಿದ್ದ ರೈತರಿಗೆ, ಕಟುಕರಿಗೆ ದನದ ತೂಕ ಗೊತ್ತಿತ್ತು, ಒಬ್ಬೊಬ್ಬರ ತಪ್ಪು ಇನ್ನೊಬ್ಬರ ತಪ್ಪಲ್ಲಿ ಕಳೆದು ಹೋಯ್ತು. ಲಾಟರಿ ಬಾಲ್ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ, ಗೊತ್ತಿಲ್ದೇ ಇರೋದನ್ನ 24 ಜನರಿಂದ ಕೂಡಿಸಿ ಭಾಗಿಸಿದ್ರೆ ಏನು ಬರತ್ತೆ? ಮಧ್ಯದ ಯಾವ್ದೋ ನಂಬರ್ ಬರತ್ತೆ ಅಷ್ಟೆ, 2 ಆಗ್ಲಿ 39 ಆಗ್ಲಿ ಬರೋದೇ ಕಷ್ಟ. ಗಣಿತ ಗೊತ್ತಿರೋರು ಆಗಲೇ ಇದನ್ನ ಹೇಳಿದ್ರು, ವೀಕ್ಷಕರಿಗೂ ಸಿಟ್ಟು ಬಂತು, ಆ ಸಿಟ್ಟು ನ್ಯಾಯವಾದದ್ದು. ಟ್ರಿಕ್ ಅಂತ ಗೊತ್ತಿದ್ದಾಗ ಬಾರದ ಸಿಟ್ಟು ವಿವರಣೆ ಕೇಳಿದಾಗ ಬಂತು ಅನ್ನೋದನ್ನ ಗಮನಿಸಿ. ತನ್ನ ಟ್ರಿಕ್ ಆಫ್ ದಿ ಮೈಂಡ್ ಸೀರೀಸ್ ಶುರುಲೇ ಮ್ಯಾಜಿಕ್, ಸಜೆಶನ್, ಸೈಕಾಲಜಿ, ಗಮನ ಬೇರೆ ಕಡೆ ತಿರುಗಿಸೋದು, ಶೋಮನ್ ಗಿರಿ ಎಲ್ಲಾ ಬೆರೆಸಿದೀನಿ ಅಂತ ಪ್ರಾಮಾಣಿಕವಾಗಿ ಹೇಳ್ಕೊಂಡಿದ್ದ ಮನುಷ್ಯ ಇವರು, ಅವರಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.

ಲಾಟರಿ ಶೋ ಬಂದ ದಿ ಇವೆಂಟ್ಸ್ ಸೀರೀಸ್ ಅಲ್ಲೇ ಸೆಪ್ಟೆಂಬರ್ 18ಕ್ಕೆ ಇನ್ನೊಂದು ಬಂತು, ಮನೇಲಿ ನೋಡ್ತಿರೋರನ್ನೇ ಕುರ್ಚಿಗೆ ಅಂಟಿಸೋದು. ಒಂದು ಫಿಲ್ಮ್ ತೋರಿಸಿ ಈಗ ಎದ್ದೇಳೋಕೆ ಟ್ರೈ ಮಾಡಿ ಅಂದ್ರು. ನೋಡಿದವರು ಇಲ್ಲೂ ಎರಡು ಭಾಗ ಆದ್ರು, ಎದ್ದೇಳಕ್ಕೇ ಆಗ್ಲಿಲ್ಲ ಅಂದವ್ರು ಇದ್ರು, ಆರಾಮಾಗಿ ಎದ್ದು ಹೋಗಿ ಟೀ ಮಾಡ್ಕೊಂಡು ಬಂದೆ ಅಂದವ್ರೂ ಇದ್ರು, ಒಬ್ಬರನ್ನೊಬ್ಬರು ಸುಳ್ಳುಗಾರರು ಅಂದ್ಕೊಂಡ್ರು. ಇಬ್ಬರೂ ನಿಜ ಹೇಳ್ತಿರೋ ಸಾಧ್ಯತೆನೇ ಜಾಸ್ತಿ, ಮೇಲೆ ಹೇಳಿದ ಆ ನೂರಕ್ಕೆ ಹತ್ತು ಹದಿನೈದರ ಲೆಕ್ಕ ನೆನಪಿಸ್ಕೊಳ್ಳಿ. ಟೀವಿ ಪರದೆ ದಾಟಿ ಹಿಪ್ನಾಟಿಸಂ ಮನೆಗೆ ಬರತ್ತಾ ಅನ್ನೋ ಭಯ ಹೊಸದೂ ಅಲ್ಲ. 1946ರಲ್ಲಿ ಬಿಬಿಸಿಯವರು ಪೀಟರ್ ಕ್ಯಾಸನ್ ಅನ್ನೋ ಹಿಪ್ನಾಟಿಸ್ಟ್ ಇಟ್ಕೊಂಡು ಟೆಸ್ಟ್ ಮಾಡಿ ನೋಡಿದ್ರು, ಬೇರೆ ರೂಮಲ್ಲಿ ಪರದೆ ಮೇಲೆ ನೋಡ್ತಿದ್ದವರಲ್ಲೇ ಕೆಲವರು ನಿದ್ದೆಗೆ ಹೋಗ್ಬಿಟ್ರು, ಪ್ರಸಾರ ಬೇಡ ಅಂತ ಕೈಬಿಟ್ರು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ನಿಯಮದಲ್ಲೂ ಹಿಪ್ನಾಟಿಸ್ಟ್ ತನ್ನ ಪೂರ್ತಿ ಮಾತಿನ ಸರಣಿನ ಪ್ರಸಾರ ಮಾಡ್ಬಾರದು, ನೇರ ಕ್ಯಾಮೆರಾ ನೋಡ್ಕೊಂಡು ಹಿಪ್ನಾಟೈಸ್ ಮಾಡೋದನ್ನ ತೋರಿಸ್ಬಾರದು ಅಂತ ಇದೆ. ಮಧ್ಯದಲ್ಲಿ ದನಿ ಕಟ್ ಆಗಿ ಮ್ಯೂಸಿಕ್ ಬರೋದಕ್ಕೆ "ಏನೋ ಮುಚ್ಚಿಡ್ತಿದಾರೆ" ಅನ್ನೋರು ಇದನ್ನ ತಿಳ್ಕೊಂಡಿರಿ.

ಟೀವಿ ಮುಂದೆ ಕೂತೋರ ನಂಬಿಕೆ ಎಷ್ಟು ವಿಚಿತ್ರ ಅಂತ ಗೊತ್ತಾಗೋಕೆ ಮನಸ್ಸಿನ ಶಕ್ತಿಯಿಂದಲೇ ಚಮಚ ಬಗ್ಗಿಸ್ತೀನಿ ಅಂತಿದ್ದ ಯೂರಿ ಗೆಲ್ಲರ್ ಕಥೆ ಕೇಳ್ಬೇಕು. 1973ರ ಆಗಸ್ಟ್ 1ಕ್ಕೆ ಅಮೆರಿಕದ ಜಾನಿ ಕಾರ್ಸನ್ ಶೋಗೆ ಗೆಲ್ಲರ್ ಬಂದಿದ್ರು, ಕಾರ್ಸನ್ ತಾನೇ ಮ್ಯಾಜಿಕ್ ಕಲಿತಿದ್ದೋರು, ಇಂಥವರ ಗುಟ್ಟು ಬಯಲು ಮಾಡ್ತಿದ್ದ ಮ್ಯಾಜಿಶಿಯನ್ ಜೇಮ್ಸ್ ರ್‍ಯಾಂಡಿ ಸಲಹೆ ತಗೊಂಡು ಚಮಚ ಗಿಮಚ ಎಲ್ಲಾ ತಾವೇ ತರಿಸಿ, ಗೆಲ್ಲರ್ ಕಡೆಯವರು ಮುಟ್ಟದ ಹಾಗೆ ನೋಡ್ಕೊಂಡ್ರು. ಸುಮಾರು 20 ನಿಮಿಷ ಗೆಲ್ಲರ್ ಕೈಲಿ ಏನೂ ಆಗ್ಲಿಲ್ಲ, ಇವತ್ತು ಶಕ್ತಿ ಬರ್ತಿಲ್ಲ ಅಂದ್ರು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ, ಇನ್ನೂ ಹೆಸರು ಬಂತು, ಬೇರೆ ಶೋಗಳು ಕರೆದ್ವು, ಯಾಕಂದ್ರೆ ಎಷ್ಟೋ ವೀಕ್ಷಕರು "ಮೋಸ ಆಗಿದ್ರೆ ಪ್ರತಿ ಸಲ ನಡೀಬೇಕಿತ್ತಲ್ಲ, ಸೋತ ಅಂದ್ರೆ ನಿಜ ಶಕ್ತಿನೇ ಇರ್ಬೇಕು" ಅಂದ್ಕೊಂಡ್ರು. ಅದೇ ವರ್ಷ ನವೆಂಬರ್ ಅಲ್ಲಿ ಬಿಬಿಸಿಲಿ ಬಂದಾಗ ಮನೆಗಳಿಂದ ಫೋನ್ ಮೇಲೆ ಫೋನ್, ನಮ್ಮನೆ ಚಮಚನೂ ಬಗ್ಗಿತು, ನಿಂತಿದ್ದ ಗಡಿಯಾರ ಓಡ್ತಿದೆ ಅಂತ. ನಿಂತ ಹಳೇ ವಾಚನ್ನ ಕೈಲಿ ಹಿಡಿದು ಅಲ್ಲಾಡಿಸಿದ್ರೆ ಕೈ ಬಿಸಿಗೆ ಒಳಗಿನ ಗಟ್ಟಿಯಾದ ಎಣ್ಣೆ ಸಡಿಲ ಆಗಿ ಎಷ್ಟೋ ವಾಚು ಸ್ವಲ್ಪ ಹೊತ್ತು ಓಡತ್ವೆ, ಲಕ್ಷಾಂತರ ಮನೇಲಿ ಒಂದೇ ಹೊತ್ತಿಗೆ ಇದನ್ನ ಮಾಡಿದ್ರೆ ಫೋನ್ ಬರದೆ ಇರತ್ತಾ? ಓಡದೆ ಇದ್ದವರು ಫೋನ್ ಮಾಡಲ್ವಲ್ಲ.

ಇದರ ಕೊನೇ ಮೆಟ್ಟಿಲು 1989ರ ಸೋವಿಯತ್ ರಷ್ಯಾ. ಅನಾತೋಲಿ ಕಶ್‌ಪಿರೋವ್‌ಸ್ಕಿ ಅನ್ನೋ ಮನೋವೈದ್ಯ ಸರ್ಕಾರಿ ಟೀವೀಲಿ ಕೂತು ದೇಶಕ್ಕೇ ಚಿಕಿತ್ಸೆ ಕೊಡ್ತಿದ್ರು, ಅಲನ್ ಚುಮಾಕ್ ಅನ್ನೋರು ಬೆಳಗಿನ ಕಾರ್ಯಕ್ರಮದಲ್ಲಿ ಮಾತೇ ಆಡದೆ ಕೈ ಆಡಿಸ್ತಿದ್ರು, ಜನ ಟೀವಿ ಮುಂದೆ ನೀರಿನ ಜಾಡಿ ಇಟ್ಟು ಶಕ್ತಿ ತುಂಬಿಸ್ಕೊಳ್ತಿದ್ರು. ಗಾಯದ ಕಲೆ ಮಾಯ ಆಯ್ತು, ಬಿಳಿ ಕೂದಲು ಕಪ್ಪಾಯ್ತು ಅಂತ ಪತ್ರಗಳು ಬಂದ್ವು. ಆ ಜನರನ್ನ ಆಡ್ಕೊಳೋಕೆ ನನಗೆ ಮನಸ್ಸು ಬರಲ್ಲ. ಅಂಗಡೀಲಿ ಸಾಮಾನಿಲ್ಲ, ನಾಳೆ ದೇಶನೇ ಇರತ್ತೋ ಇಲ್ವೋ ಗೊತ್ತಿಲ್ಲ, ಅಂಥ ಹೊತ್ತಲ್ಲಿ ಸರ್ಕಾರದ ಟೀವಿನೇ ಡಾಕ್ಟರ್ ಅಂತ ಕೂರಿಸಿದ್ರೆ ಯಾರು ನಂಬಲ್ಲ? ತಪ್ಪು ಕೂರಿಸಿದವರದ್ದು.

ಮಿರಾಕಲ್ ನೋಡುವಾಗ ಇದನ್ನ ನೆನಪಲ್ಲಿಟ್ಕೊಂಡು ನೋಡಿ, ಶೋದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಲಂಡನ್ನಿನ ಪ್ಯಾಲೇಸ್ ಥಿಯೇಟರ್ ಅಲ್ಲಿ ರೆಕಾರ್ಡ್ ಮಾಡಿದ್ದು. ಎರಡನೇ ಅರ್ಧದಲ್ಲಿ ಬ್ರೌನ್ ಪ್ರಾರ್ಥನೆಯಿಂದ ವಾಸಿ ಮಾಡೋ ಪಾದ್ರಿ ಥರ ನಿಲ್ತಾರೆ, ಆದ್ರೆ ಮುಂಚೆನೇ ನಾನು ಇದನ್ನ ನಂಬಲ್ಲ ಅಂತ ಹೇಳಿಬಿಟ್ಟಿರ್ತಾರೆ. ಚಿಕ್ಕ ವಯಸ್ಸಲ್ಲಿ ತಾವೇ ಭಾರೀ ಭಕ್ತ ಕ್ರಿಶ್ಚಿಯನ್ ಆಗಿದ್ದೋರು, ಆಮೇಲೆ ಬಿಟ್ಟೋರು, 2011ರಲ್ಲಿ ಇಂಥ ಪಾದ್ರಿಗಳ ಬಣ್ಣ ಬಯಲು ಮಾಡೋಕೆ ಒಂದು ಪೂರ್ತಿ ಶೋನೂ ಮಾಡಿದ್ರು, ಹಾಗಾಗಿ ಆ ಭಾಷೆ, ಆ ಏರು ಇಳಿತ ಎಲ್ಲಾ ಒಳಗಿಂದ ಗೊತ್ತು. ನಂಬಿಕೆ ಇಲ್ಲ ಅಂತ ಗೊತ್ತಿದ್ದೂ ಜನರ ನೋವು ಹೋಗತ್ತೆ! ಸ್ಟೇಜ್ ಮೇಲೆ ಬಂದು ಭುಜ ತಿರುಗಿಸಿ ತೋರಿಸ್ತಾರೆ, ಅಳ್ತಾರೆ, ಮುಟ್ಟಿದ ತಕ್ಷಣ ಹಿಂದಕ್ಕೆ ಬೀಳ್ತಾರೆ. ಅಡ್ರಿನಲಿನ್ ಏರಿದಾಗ ನೋವು ಕಮ್ಮಿ ಅನ್ಸತ್ತೆ, ನೋವಿನ ಬಗ್ಗೆ ನಾವು ದಿನಾ ನಮಗೇ ಹೇಳ್ಕೊಳ್ಳೋ ಕಥೆ ಒಂದು ಗಳಿಗೆ ನಿಲ್ಲತ್ತೆ, ವ್ಯತ್ಯಾಸ ಅನ್ನಿಸಿದವರನ್ನ ಮಾತ್ರ ಮೇಲೆ ಕರೆಯೋದು, ಅನ್ನಿಸದವರು ಸೀಟಲ್ಲೇ. ಇದು ನೋಡಿ ಸರಿಯಾದ ದಾರಿ, ಮೊದಲೇ ಏನು ಮಾಡ್ತಿದೀನಿ ಅಂತ ಹೇಳಿ, ಆಮೇಲೆ ಮಾಡಿ ತೋರಿಸಿ, ಆದ್ರೂ ಮೈ ಜುಂ ಅನ್ನಿಸೋದು. ಇದಕ್ಕೆ ಬಂದ ದೂರಿನಲ್ಲಿ ಒಂದು ಭಾಗ ನಾನೂ ಒಪ್ತೀನಿ, ಮನೇಲಿ ಕೂತು ನೋಡಿದ ಯಾರಾದ್ರೂ ನೋವು ಹೋಯ್ತು ಅಂತ ಮಾತ್ರೆ ಬಿಟ್ರೆ? ಶೋಲಿ ಇದನ್ನ ಇನ್ನೂ ಗಟ್ಟಿಯಾಗಿ ಹೇಳ್ಬಹುದಿತ್ತು.

ನಮ್ಮ ದೇಶದಲ್ಲಿ ಈ ಸಾಲಲ್ಲಿ ನಾನು ಗೌರವ ಕೊಡೋದು ಮೆಂಟಲಿಸ್ಟ್ ಸುಹಾನಿ ಶಾ ಅವರಿಗೆ. 2023ರ ಜನವರಿಲಿ ಬಂದವರ ಮನಸ್ಸಲ್ಲಿರೋದನ್ನ ದೈವಶಕ್ತಿಯಿಂದ ಹೇಳ್ತಾರೆ ಅನ್ನೋ ಬಾಗೇಶ್ವರ ಧಾಮದ ಬಾಬಾ ಬಗ್ಗೆ ಗಲಾಟೆ ನಡೆದಾಗ ಹಿಂದಿ ನ್ಯೂಸ್ ಚಾನೆಲ್ ಗಳು ಇವರನ್ನ ಕರೆಸಿ ಮನಸ್ಸಲ್ಲಿರೋದನ್ನ ಹೇಳಿಸಿದ್ವು, ಇವರು ಹೇಳಿದ್ರು, ಜೊತೆಗೆ ಇದು ಕಲೆ, ದೈವಶಕ್ತಿ ಏನೂ ಅಲ್ಲ ಅಂತಾನೂ ಹೇಳಿದ್ರು. ಆದ್ರೂ ಅವರ ವಿಡಿಯೋಗಳ ಕೆಳಗೆ "ಮೇಡಂ ನಂಗೆ ಕೆಲಸ ಯಾವಾಗ ಸಿಗತ್ತೆ" ಅನ್ನೋ ಥರದ ಪ್ರಶ್ನೆ ಬರೋದು ನೋಡಿದ್ರೆ ಸಂಕಟ ಆಗತ್ತೆ. ನಮ್ಮಲ್ಲಿ ಹುಲಿಕಲ್ ನಟರಾಜ್ ಅವರು ಹಳ್ಳಿ ಹಳ್ಳಿಲಿ, ಶಾಲೆ ಕಾಲೇಜಲ್ಲಿ ಪವಾಡ ಮಾಡಿ ತೋರಿಸಿ ಅದರ ಗುಟ್ಟನ್ನ ಅಲ್ಲೇ ಬಿಚ್ಚಿಡ್ತಾರೆ. ಅದಕ್ಕೂ ಎಷ್ಟೋ ಮುಂಚೆ 1976ರಲ್ಲೇ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಕಮಿಟಿನೇ ಮಾಡಿದ್ರು. ಈ ಪರಂಪರೆ ಇರೋ ಊರಿನವರು ನಾವು, ಹಾಗಾಗಿ ಇವತ್ತಿನ ಕೆಲವು ಮೆಂಟಲಿಸ್ಟ್ ಗಳು ಬರೀ ಇಸ್ಪೀಟ್ ಟ್ರಿಕ್ ಮಾಡಿ "ನಿಮ್ಮ ಕಣ್ಣಿನ ಚಲನೆ ಓದಿದೆ, ಬಾಡಿ ಲಾಂಗ್ವೇಜ್ ಓದಿದೆ" ಅಂತ ಹೇಳಿ, ಅದರ ಮೇಲೆ ಮೈಂಡ್ ರೀಡಿಂಗ್ ಕೋರ್ಸ್ ಮಾರೋದು ನೋಡಿದ್ರೆ ನನಗೆ ಸಿಟ್ಟು ಬರತ್ತೆ. ಲಾಟರಿ ಶೋಲಿ ಬ್ರೌನ್ ಮಾಡಿದ ತಪ್ಪೇ ಇದು, ದೆವ್ವದ ಹೆಸರು ತೆಗೆದು ಸೈಕಾಲಜಿ ಹೆಸರು ಹಾಕಿದ್ರೆ ಸುಳ್ಳು ಸತ್ಯ ಆಗಲ್ಲ.

ಸ್ಯಾಕ್ರಿಫೈಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಲಸಿಗರನ್ನ ಕಂಡ್ರೆ ಆಗದ ಒಬ್ಬ ಅಮೆರಿಕನ್, ಅವನಿಗೆ ಮೈಗೆ ಮೈಕ್ರೋಚಿಪ್ ಹಾಕಿದೀವಿ ಅಂತ ನಂಬಿಸಿ, ಒಂದು ಆಪ್, ಒಂದು ಟ್ಯೂನ್ ಕೊಟ್ಟು ಧೈರ್ಯ ಬರೋ ಹಾಗೆ ಅಭ್ಯಾಸ ಮಾಡ್ಸಿ, ಡಿಎನ್‌ಎ ಟೆಸ್ಟ್ ತೋರಿಸಿ, ಕೊನೆಗೆ ಗೊತ್ತಿಲ್ಲದ ಒಬ್ಬ ಮೆಕ್ಸಿಕನ್ ಗಾಗಿ ಗುಂಡಿಗೆ ಅಡ್ಡ ನಿಲ್ತಾನಾ ಅಂತ ನೋಡೋದು. ಎದುರು ಕೂತ ಅಪರಿಚಿತನ ಕಣ್ಣನ್ನೇ ಸುಮ್ನೆ ನೋಡ್ತಾ ಕೂರೋ ಭಾಗ ಒಂದು ತುಂಬಾ ಚೆನ್ನಾಗಿದೆ, ಅವನು ಅಲ್ಲಿ ಅತ್ತಿದ್ದು ನನಗೆ ನಾಟಕ ಅನ್ಸಿಲ್ಲ. ಉಳಿದಿದ್ದು ಅವಸರ, ವರ್ಷಗಟ್ಟಲೆ ಬೆಳೆದ ದ್ವೇಷ ಒಂದು ಗಂಟೆ ಒಳಗಿನ ಶೋಲಿ ಹೋಯ್ತು ಅಂತ ನಂಬೋಕೆ ಕೇಳ್ತಾರೆ, ಒಂದು ವರ್ಷ ಆದ್ಮೇಲೆ ಅವನು ಹೇಗಿದಾನೆ ಅಂತ ತೋರಿಸಿದ್ರೆ ನಾನು ಕೇಳ್ತಿದ್ದೆ.

ಅಂತೂ ದಿ ಪುಶ್ ಗೆ ಐದಕ್ಕೆ ನಾಲ್ಕೂವರೆ, ಮಿರಾಕಲ್ ಗೆ ನಾಲ್ಕು, ಸ್ಯಾಕ್ರಿಫೈಸ್ ಗೆ ಎರಡೂವರೆ. ಲಾಟರಿ ಶೋ ಸಿಕ್ರೆ ಮೊದಲನೇ ಭಾಗ ನೋಡಿ, ವಿವರಣೆ ಭಾಗ ಬಿಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ, ಬ್ರೌನ್ ಮಾತು ಬಲು ಸ್ಪೀಡು. ಪುಶ್ ಸಣ್ಣ ಮಕ್ಕಳ ಜೊತೆ ನೋಡ್ಬೇಡಿ, ಹೆಣ ಬಚ್ಚಿಡೋ ಭಾಗಕ್ಕೆ ಹೆದರ್ಕೊಳ್ತಾರೆ, ಆದ್ರೆ ಪಿಯುಸಿ ಓದೋ ಮಕ್ಕಳು ಮನೇಲಿದ್ರೆ ಪಕ್ಕದಲ್ಲೇ ಕೂರಿಸ್ಕೊಂಡು, ತಿಂಡಿಗೆ ಬಾವುಟ ಚುಚ್ಚೋ ಸೀನಲ್ಲಿ ನಿಲ್ಸಿ, ಈಗ ನೀನಾಗಿದ್ರೆ ಏನು ಹೇಳಿ ತಪ್ಪಿಸ್ಕೊಳ್ತಿದ್ದೆ ಅಂತ ಕೇಳಿ ನೋಡಿ.